ಟೊಕ್ಕಬಾಯಿ

"ಎತ್ಬೇಡ್ರೋ!" ಮುನಿಯಲ್ಲಮ್ಮ ಚಟ್ಟದ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದು ಕೂತುಬಿಟ್ಟಳು. "ನನ್ ತಮ್ಮ ಎಲ್ಲಿ ಮಣ್ ಮಾಡಿ ಅಂದ್ನೋ ಅಲ್ಲೇ ಆಗ್ಬೇಕು."

ಸತ್ತ ಪಿಳ್ಳಣ್ಣನ ಮಗ ಬ್ಯಾಟರಾಯಪ್ಪನಿಗೆ ರೇಗಿತು. ತೋಟದ ಮೂಲೆಯಲ್ಲಿ ಗುಂಡಿ ತೋಡಿಸಿ ಆಗಿತ್ತು. ಅರವತ್ತೊಂದನೇ ಇಸವಿಯ ಚೈತ್ರದ ಬಿಸಿಲು ಜಕ್ಕೂರನ್ನು ಸುಡುತ್ತಿತ್ತು.

"ಅತ್ತೆ, ಅಪ್ಪ ಜ್ವರದಾಗೆ 'ಟೊಕ್ಕಬಾಯಿ ಪಕ್ಕ ಮಲಗ್ಸು' ಅಂತು. ಎಲ್ಲೈತೆ ಅದು? ಯೋಳು, ಈಗ್ಲೇ ತೋಡಿಸ್ತೀನಿ."

ಅವಳಿಗೂ ಗೊತ್ತಿರಲಿಲ್ಲ. ಅದೇ ಸಂಕಟ.

*

ಚಿಕ್ಕಂದಿನಲ್ಲಿ ಎಮ್ಮೆ ಕಾಯುತ್ತ ಅಕ್ಕ ತಮ್ಮ ಇಬ್ಬರೇ ಕಟ್ಟಿಕೊಂಡ ಭಾಷೆ ಅದು. ಎಡವಿದ ಕಲ್ಲು ಟೊಕ್ ಅಂದಿತು. ಅಂದಿನಿಂದ ಕಲ್ಲೆಲ್ಲ ಟೊಕ್ಕ. ಜಲ್ಲಿ ಟೊಕ್ಕಮರಿ, ಹೊಲದಂಚಿನ ಹೆಬ್ಬಂಡೆ ಟೊಕ್ಕತಾತ. ಕಾಲಿಗಂಟುವ ಕೆಸರು ಜಿಬ್ಲೆ. ಹಾಗಾದರೆ ಕೆರೆ? "ಜಿಬ್ಲೆತಾತ!" ಎಂದು ಪಿಳ್ಳಣ್ಣ ಕುಣಿದಿದ್ದ. ಯಾರಿಗೂ ಹೇಳಿಕೊಡಕೂಡದೆಂದು ಆಣೆ ಇಟ್ಟುಕೊಂಡಿದ್ದರು. ಮುನಿಯಲ್ಲಮ್ಮ ಕೊಡಿಗೇಹಳ್ಳಿಗೆ ಮದುವೆಯಾಗಿ ಹೋದಮೇಲೂ ಹಬ್ಬಕ್ಕೆ ಬಂದಾಗ ಇಬ್ಬರದೂ ಅದೇ ಗುಸುಗುಸು. ಮಂಡಿನೋವು ಹತ್ತಿದ ಮೇಲೆ ಬರುವುದೇ ನಿಂತಿತು. ಆದರೆ ಟೊಕ್ಕಬಾಯಿ? ಅಂಥ ಮಾತು ಇರಲೇ ಇಲ್ಲ!

*

"ಅತ್ತೆಮ್ಮ," ಆ ಹೆಸರು ಈಗಷ್ಟೇ ಕೇಳಿಸಿಕೊಂಡ ಪಿಳ್ಳಣ್ಣನ ಸೊಸೆ ಗಂಗರತ್ನಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು ಮುಂದೆ ಬಂದಳು. "ಓದ್ವರ್ಷ ರಸ್ತೆಗೇಂತ ಒಲದಂಚಿನ ಆ ಬಂಡೆ ಸಿಡಿಸಿದ್ರಲ್ಲ, ಅಲ್ಲಿ ಬಾಯ್ ತೆರ್ಕೊಂಡ್ ಉಳಿದ ಒಂಡಾನ ಮಾವ ಅಂಗಂತಿದ್ರು. ಎಮ್ಮೆ ಒಡ್ಕೊಂಡ್ ಓಗ್ತಾ ನಂಗೂ ಯೋಳ್ಕೊಟ್ರು."

"ನಿಂಗೂ ಯೋಳ್ಕೊಟ್ನಾ?"

ಮುನಿಯಲ್ಲಮ್ಮ ಸೊಸೆಯನ್ನು ದುರುಗುಟ್ಟಿ ನೋಡಿದಳು. ಸತ್ತವನ ಮೇಲೆ ಸಿಟ್ಟು ಬರುತ್ತದೆಯೇ? ಬಂತು. ಆಣೆ ಮುರಿದ, ಕಳ್ಳ! 'ಇವಳ ಮಾತು ಸುಳ್ಳು, ತೋಟಕ್ಕೇ ಒಯ್ಯಿರಿ' ಎಂದರೆ ಯಾರೂ ಎದುರಾಡುತ್ತಿರಲಿಲ್ಲ. ನಾಲಗೆಯ ತುದಿಗೇ ಬಂದಿತ್ತು. ತಮ್ಮನ ಮುಖ ನೋಡಿದಳು. ಬಿದಿರಿನಿಂದ ಕೈ ತೆಗೆದಳು.

"ಟೊಕ್ಕಬಾಯಿಗೇ ನಡೀರಿ. ಇವಳು ಮುಂದೆ ಓಗ್ಲಿ. ನಂಗ್ ಈಗಿನ್ ದಾರಿ ಗೊತ್ತಿಲ್ಲ."

ಹೊಂಡದ ಪಕ್ಕದಲ್ಲಿ ಹೊಸದಾಗಿ ತೋಡಿ ಪಿಳ್ಳಣ್ಣನನ್ನು ಮಲಗಿಸಿದರು. ಮಣ್ಣು ಹಾಕಿದವರು ತಿರುಗಿ ನೋಡಬಾರದು. ಎಲ್ಲರೂ ತಲೆ ತಗ್ಗಿಸಿ ಹೊರಟರು. ಮುನಿಯಲ್ಲಮ್ಮ ತಿರುಗಿಯೇಬಿಟ್ಟಳು. ಹೊಂಡದಾಚೆ ವಿಮಾನ ಇಳಿಯುವ ಬಯಲು ಕಾಣುತ್ತಿತ್ತು. ಅದಕ್ಕೆ ಅವರಿಬ್ಬರ ಭಾಷೆಯಲ್ಲಿ ಹೆಸರಿರಲಿಲ್ಲ. ಅವಳು ಸೊಸೆಯ ಮೊಣಕೈ ಹಿಡಿದೆಳೆದಳು.

"ಏಯ್, ಅದನ್ನೇನಂತಿದ್ದ?"

ಗಂಗರತ್ನಮ್ಮ ಮೆಲ್ಲಗೆ ಹೇಳಿದಳು. ಮುದುಕಿ ಬಾಯೊಳಗೇ ಹೇಳಿ ನೋಡಿದಳು, ನಾಲಗೆ ತೊಡರಿತು.

"ಇನ್ನೊಂದ್ಸಲ ಯೋಳವ್ವ," ಅಂದಳು.