ಒಂಬತ್ತನೇ ಹೊಂಡದ ಉತ್ತರ

ಮಾವನಿಗೂ ಸೊಸೆಗೂ ಎಣ್ಣೆ ಸೀಗೆಕಾಯಿ. ಮನೆಯಲ್ಲಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು, ಕೆಲಸವೂ ಒಂದೇ ಕಡೆ. ಅವಳು ಭೂಕಂಪ ಸಂಸ್ಥೆಯ ವಿಜ್ಞಾನಿ, ಅವರು ಅಲ್ಲಿನ ಹಳೇ ಮೆಕ್ಯಾನಿಕ್. ಮದುವೆಯಾದಾಗ ಅವಳು ತಮ್ಮ ಮನೆತನದ ಹೆಸರನ್ನೇ ಇಟ್ಟುಕೊಳ್ಳಬೇಕೆಂದು ಮಾವ ಹಠ ಹಿಡಿದು ಗೆದ್ದಿದ್ದರು. ಅದರ ಸೇಡಿಗೋ ಏನೋ, ಕೆಲಸದ ವಿಷಯ ಕೇಳಿದಾಗ ಮಾತ್ರ ಹೇಳಿ ಎಂದು ಸೊಸೆ ಎಲ್ಲರೆದುರು ಮುಖಕ್ಕೆ ಹೊಡೆದ ಹಾಗೆ ಅಂದಳು. ಮಾವ ಆ ಮಾತನ್ನು ಗಂಟು ಕಟ್ಟಿ ಇಟ್ಟುಕೊಂಡರು.

ಅವಳು ಹುಡುಕುತ್ತಿದ್ದದ್ದು ನೂರಾರು ಕಿಲೋಮೀಟರ್ ಆಳದ ಸಂಗತಿ. ಅಲ್ಲಿ ಬಿಸಿ ಬಂಡೆ ಉಗುರು ಬೆಳೆಯುವಷ್ಟು ನಿಧಾನವಾಗಿ ಹರಿಯುತ್ತದೆ. ಹರಿದತ್ತ ಅದರ ಹರಳುಗಳು ಮರದ ನಾರಿನ ಹಾಗೆ ಸಾಲುಗೂಡುತ್ತವೆ. ದೂರದ ಭೂಕಂಪದ ಅಲೆ ಅದನ್ನು ಹಾದು ಬರುವಾಗ ಎರಡಾಗಿ ಒಡೆಯುತ್ತದೆ. ನಾರಿನ ಗುಂಟ ಅಲುಗುವ ಪಾಲು ಮೊದಲು ಮುಟ್ಟುತ್ತದೆ, ಅದು ಅಲುಗಿದ ದಿಕ್ಕೇ ಹರಿವಿನ ದಿಕ್ಕು. ಆದರೆ ಅಲೆ ಹಿಡಿಯುವ ಯಂತ್ರವನ್ನು ಹೊಂಡದಲ್ಲಿ ಕೂರಿಸುವಾಗ ಅದರ ಬಾಣ ಕರಾರುವಾಕ್ಕಾಗಿ ಉತ್ತರಕ್ಕಿರಬೇಕು. ಅಲ್ಲಿ ಎಡವಿದರೆ ಮಾಡಿದ್ದೆಲ್ಲ ನೀರುಪಾಲು.

ಒಂಬತ್ತು ಹೊಂಡಗಳಲ್ಲಿ ಎಂಟನ್ನು ಅವಳೇ ಮುಂದೆ ನಿಂತು ಮಾಡಿಸಿದ್ದಳು. ಅವಳು ಜ್ವರದಲ್ಲಿ ಮಲಗಿದ್ದ ವಾರ ಒಂಬತ್ತನೆಯದನ್ನು ಮಾವ ಮಾಡಿದರು. ಎಂಟೂ ಒಂದೇ ದಿಕ್ಕು ಹೇಳಿದವು, ಒಂಬತ್ತನೆಯದು ಮಾತ್ರ ಇಪ್ಪತ್ತೆರಡು ಡಿಗ್ರಿ ಆಚೀಚೆ. ಮಾವನ ಕೈಗುಣ ಎಂದು ನಕ್ಕು, ಅದು ಕೆಟ್ಟದ್ದೆಂದು ಲೇಖನದಲ್ಲೇ ಬರೆದು ಕೈಬಿಟ್ಟು, ಎಂಟರ ನಕ್ಷೆಯನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದಳು. ಎರಡು ವರ್ಷದ ಮೇಲೆ ಪತ್ರಿಕೆಯಿಂದ ಓಲೆ ಬಂತು: ಆಕ್ಷೇಪ ಬಂದಿದೆ, ಒಂಬತ್ತನೆಯದರ ದೋಷ ಸಾಬೀತು ಮಾಡಿ, ಇಲ್ಲವೇ ಲೇಖನ ವಾಪಸು ತೆಗೆದುಕೊಳ್ಳಿ.

ಅವಳು ಹಲ್ಲು ಕಡಿಯುತ್ತ ಜೀಪು ಹತ್ತಿದಳು. ಹೊಂಡದ ಬೀಗದ ಕೈ ಮಾವನ ಹತ್ತಿರವಿತ್ತು, ಹಾಗಾಗಿ ಅವರೂ ಬಂದರು.

ಹೊಂಡದ ಅಂಚಿನ ಸಿಮೆಂಟಿನ ಮೇಲೆ ಮಾವ ಬಳಿದಿದ್ದ ಬಿಳಿ ಗೆರೆ ಇತ್ತು. ಒಳಗಿನ ಯಂತ್ರದ ಬಾಣವೂ ಅದಕ್ಕೆ ಸರಿಯಾಗಿಯೇ ಇತ್ತು. ಅವಳು ದಿಕ್ಸೂಚಿ ತೆಗೆದಳು. ಆ ಸೀಮೆಯಲ್ಲಿ ಮುಳ್ಳು ನಿಜವಾದ ಉತ್ತರಕ್ಕಿಂತ ಹನ್ನೊಂದು ಡಿಗ್ರಿ ಬಲಕ್ಕೆ ತಿರುಗಿರುತ್ತದೆ, ಅದನ್ನು ಸರಿದೂಗಿಸಬೇಕು. ಎಂಟು ಕಡೆ ಮಾಡಿದ ಹಾಗೆಯೇ ಲೆಕ್ಕ ಹಾಕಿ ಸೀಮೆಸುಣ್ಣದಿಂದ ಗೆರೆ ಎಳೆದಳು. ಎರಡು ಗೆರೆಗಳ ನಡುವೆ ಸರಿಯಾಗಿ ಇಪ್ಪತ್ತೆರಡು. ಗೆದ್ದ ಖುಷಿಯನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗಲಿಲ್ಲ.

ಮಾವ ಬಿಳಿ ಗೆರೆಯ ದಕ್ಷಿಣದ ತುದಿಗೆ ಒಂದು ಕೋಲು ನೆಟ್ಟು, ಜೀಪಿನ ಮರೆಗೆ ಹೋಗಿ ಕೂತರು. ಹೊತ್ತು ನೆತ್ತಿಗೇರುತ್ತ ಕೋಲಿನ ನೆರಳು ಗಿಡ್ಡವಾಯಿತು. ಅತಿ ಗಿಡ್ಡ ನೆರಳು ಉತ್ತರಕ್ಕೇ ಬೀಳಬೇಕು, ಅಷ್ಟು ಅವಳಿಗೂ ಗೊತ್ತು. ಅದು ಬಿಳಿ ಗೆರೆಯ ಮೇಲೆ, ಒಂದು ಕೂದಲೆಳೆ ಆಚೀಚೆಯಾಗದೆ ಬಿತ್ತು.

ಅವಳು ತನ್ನ ಲೆಕ್ಕವನ್ನು ಮತ್ತೊಮ್ಮೆ ನೋಡಿದಳು. ಮುಳ್ಳಿನಿಂದ ಹನ್ನೊಂದು ಎಡಕ್ಕೆ ಬರಬೇಕಾದವಳು ಮತ್ತೆ ಹನ್ನೊಂದು ಬಲಕ್ಕೇ ಹೋಗಿದ್ದಳು. ಇವತ್ತಷ್ಟೇ ಅಲ್ಲ, ಎಂಟೂ ಹೊಂಡಗಳಲ್ಲಿ.

"ನಿಮಗೆ ಮೊದಲೇ ಗೊತ್ತಿತ್ತು," ಅಂದಳು.

"ಮೂರು ತಿಂಗಳಿಗೊಂದು ಸಲ ಬ್ಯಾಟರಿ ಬದಲಾಯಿಸೋಕೆ ಎಲ್ಲದಕ್ಕೂ ಇಳೀತೀನಲ್ಲ, ಕಣ್ಣಿಲ್ವಾ ನನಗೆ? ಕೇಳಿದಾಗ ಮಾತ್ರ ಹೇಳಿ ಅಂತ ನೀನೇ ಅಂದಿದ್ದೆ. ಎರಡು ವರ್ಷ ಕಾದೆ, ನೀನು ಕೇಳಲಿಲ್ಲ."

ಎರಡು ವರ್ಷದ ಗಂಟು ಬಿಚ್ಚಿದ ಸುಖ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ಅವಳು ಚೀಲದಿಂದ ಅಚ್ಚಾದ ಲೇಖನ ತೆಗೆದು ಅವರ ತೊಡೆಯ ಮೇಲೆ ಎಸೆದಳು.

"ಇದು ಪೂರ್ತಿ ತಪ್ಪು ಅಂತ ನಾಳೆ ನಾನೇ ಬರೆದು ಕೊಡ್ತೀನಿ. ಅದನ್ನೂ ಅಚ್ಚು ಹಾಕ್ತಾರೆ. ಮೇಲಿರೋ ಹೆಸರು ಯಾರ ಮನೇದು ನೋಡಿ, ಮಾವ."

ಮಾವ ಕನ್ನಡಕ ಹಾಕಿಕೊಂಡು ನೋಡಿದರು. ಲೇಖನವನ್ನು ಅವರು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಮೊದಲ ಸಾಲಿನಲ್ಲೇ, ದಪ್ಪಕ್ಷರದಲ್ಲಿ, ತಾವು ಹಠ ಹಿಡಿದು ಇಡಿಸಿದ ಹೆಸರಿತ್ತು. ಅವರ ಸುಖವೆಲ್ಲ ಇಳಿದು ಹೋಯಿತು.

ಅವಳು ಜೀಪು ಸ್ಟಾರ್ಟ್ ಮಾಡಿದಳು. ಮಾವ ಪಕ್ಕದಲ್ಲಿ ಬಂದು ಕೂತು, ಬೀಗದ ಕೈ ಹಿಂದೆ ಮುಂದೆ ತಿರುಗಿಸುತ್ತ ಕೇಳಿದರು.

"ಒಂಬತ್ತನೇದು ಸರಿ ಇತ್ತು ಅಂತಾನೂ ಬರೀತೀಯಾ?"

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ, ಉತ್ತರವನ್ನೂ ಕೊಡಲಿಲ್ಲ.