ಮಣಿಯ ಕೋಣೆಗೆ ಗಾಳಿ

ಹೊಗೆ ಬಾಗಿತು — ಗಾಳಿ ಎತ್ತ ಹೋಗುತ್ತದೆಂದು ನೋಡಲು ಹಚ್ಚಿಟ್ಟ ಊದುಬತ್ತಿಯ ಹೊಗೆ, ಇಷ್ಟು ಹೊತ್ತು ನೆಟ್ಟಗೆ ನಿಂತಿದ್ದದ್ದು ಈಗ ಒಲೆಯ ಕಡೆ ವಾಲಿ, ಸೀಮೆಎಣ್ಣೆ ಡಬ್ಬ ಬಡಿದು ಮಾಡಿದ ತಗಡಿನ ಹೊಗೆಗೂಡಿನೊಳಗೆ ನುಗ್ಗಿ, ಗೋಡೆಯ ಮೇಲಿನ ಕಂಡಿಯಿಂದ ಹೊರಗೆ ಹೋಗುತ್ತಿದೆ, ಹೋಗುತ್ತಿದೆ ತಾನೇ, ಅಥವಾ ನನ್ನ ಆಸೆಯೇ ಅದನ್ನು ಅತ್ತ ಎಳೆಯುತ್ತಿದೆಯೋ, ನಿನ್ನೆಯೂ ಹೀಗೇ ಅನ್ನಿಸಿತ್ತು, ಆಮೇಲೆ ಅದು ತಿರುಗಿ ನನ್ನ ಮುಖಕ್ಕೇ ಬಂತು. ಮೇಲೊಂದು ಕಂಡಿ ಕೊರೆದರೆ ಸಾಲದು, ಗಾಳಿ ಹೊರಗೆ ಹೋಗಬೇಕಾದರೆ ಮೊದಲು ಒಳಗೆ ಬರಬೇಕು, ಇಷ್ಟು ಸಣ್ಣ ಮಾತು ತಿಳಿಯುವುದಕ್ಕೆ ದುಗ್ಗಪ್ಪನೆಂಬ ನನಗೆ ಅಷ್ಟೆಲ್ಲ ಆಗಬೇಕಿತ್ತೇ, ಇವತ್ತು ಬೆಳಿಗ್ಗೆ ಎದ್ದವನೇ ನಾನು ಕೂರುವ ಮಣೆಯ ಹಿಂದೆ, ನೆಲದಿಂದ ಗೇಣೆತ್ತರದಲ್ಲಿ, ಹಾರೆ ಹಾಕಿ ಮಣ್ಣಿನ ಗೋಡೆ ಒಡೆದೆ, ಅದರ ಮುಂದೆ ಒಂದು ಹಲಗೆ ನಿಲ್ಲಿಸಿದೆ, ಗಾಳಿ ಹಲಗೆಗೆ ಬಡಿದು ಪಕ್ಕದಿಂದ ಸುತ್ತಿಕೊಂಡು ಬರಲಿ, ಬಿಸಿ ಮಣಿಯ ಮೇಲೆ ನೇರ ಬೀಳದಿರಲಿ. ಗಾಜಿಗೆ ಗಾಳಿ ಆಗದು, ಬಿಸಿ ಮಣಿಗೆ ತಣ್ಣನೆ ಗಾಳಿ ತಾಗಿದರೆ ಟಿಕ್ ಎಂದು ಸೀಳುತ್ತದೆ, ಮನುಷ್ಯನಿಗೋ ಗಾಳಿಯೇ ಬೇಕು — ಲಿಂಗನಮಕ್ಕಿ ಅಣೆಕಟ್ಟಿನ ಕೂಲಿ ಲೈನಿನಲ್ಲಿ ನನಗೆ ಈ ವಿದ್ಯೆ ಕಲಿಸಿದ ಉತ್ತರದ ಮುದುಕ, ಎಲ್ಲರೂ ಚಾಚಾ ಅನ್ನುತ್ತಿದ್ದರು, ಕೆಲಸ ಬಿಟ್ಟ ಮೇಲೆ ಒಡಕು ಬಳೆ ಕರಗಿಸಿ ಕಂಬಿಗೆ ಸುತ್ತುತ್ತಿದ್ದ, ಬಯಲಲ್ಲೇ ಕೂರುತ್ತಿದ್ದ, ಸುತ್ತ ಗೋಣಿ ಕಟ್ಟಿಕೊಂಡು, ತಲೆಯ ಮೇಲೆ ಬರೀ ಆಕಾಶ, ಯಾಕೆ ಚಾಚಾ ಒಳಗೆ ಕೂರುವುದಿಲ್ಲ ಎಂದು ನಾನು ಒಂದು ದಿನವಾದರೂ ಕೇಳಲಿಲ್ಲ. ಮಣಿ ಸುತ್ತುವುದನ್ನು ಕಲಿತೆ, ಬಿಸಿ ಬೂದಿಯಲ್ಲಿ ಹೂತು ನಿಧಾನಕ್ಕೆ ಆರಿಸುವುದನ್ನು ಕಲಿತೆ, ಅದನ್ನೊಂದು ಕಲಿಯಲಿಲ್ಲ.

ಅಣೆಕಟ್ಟು ಮುಗಿಯಿತು, ಕೂಲಿ ಮುಗಿಯಿತು, ಸಾಗರದ ಈ ಮನೆಯ ಹಿಂದಿನ ಕೋಣೆಯಲ್ಲಿ ಒಲೆ ಹಾಕಿದೆ, ನನ್ನ ಹೆಂಡತಿ ಕನ್ನಮ್ಮ ಎಂಟು ದಿನದಲ್ಲಿ ತಿದಿ ಒತ್ತುವುದು ಕಲಿತಳು, ನನಗಿಂತ ಚೆನ್ನಾಗಿ, ಒಂದೇ ಸಮ, ಇದ್ದಿಲು ಅವಳ ಮಾತು ಕೇಳುತ್ತಿತ್ತು, ಪೇಟೆಯಲ್ಲಿ ನಮ್ಮ ಕರಿಮಣಿ ಹಿಡಿದು ನೋಡಿದವರು ಎಲ್ಲಿಯದು ಎಂದು ಕೇಳುವಂತಾಗಿತ್ತು, ಆಮೇಲೆ ಆಷಾಢದ ಗಾಳಿ, ಒಂದರ ಹಿಂದೊಂದು ಮಣಿ ಸೀಳಿದವು, ನಾನೇ ಎದ್ದು ಕಿಟಕಿ ಮುಚ್ಚಿದೆ, ಬಾಗಿಲು ಎಳೆದೆ, ಬಾಗಿಲ ಸಂದಿಗೆ ಗೋಣಿ ತುರುಕಿದೆ, ನಾನೇ. ತಲೆ ಸಿಡೀತದೆ, ಕಿಟಕಿ ಸ್ವಲ್ಪ ತೆಗೀರಿ ಅಂದಳು ಅವಳು, ಇನ್ನು ನಾಲ್ಕು ಮಣಿ ತಡಿಯೇ ಅಂದೆ ನಾನು, ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ, ಕೆಂಪಗೆ ಉರಿಯುವ ಇದ್ದಿಲು ಹೀಗೆ ಕೊಲ್ಲುತ್ತದೆಂದು ಯಾರು ಹೇಳಿದ್ದರು, ಆದರೆ ಅವಳು ಹೇಳಿದ್ದಳಲ್ಲ, ಬಾಯಿಬಿಟ್ಟು ಹೇಳಿದ್ದಳಲ್ಲ. ತಿದಿಯ ಸದ್ದು ನಿಂತಿತು, ನಾನು ತಿರುಗಿಯೂ ನೋಡದೆ ಒತ್ತೇ, ನಿಲ್ಲಿಸಬ್ಯಾಡ, ಗಾಜು ಗಟ್ಟಿಯಾಗ್ತದೆ ಅಂದೆ, ಎರಡು ಸಲ ಅಂದೆ, ಅವಳು ಗೋಡೆಗೆ ವಾಲಿ ಬಿದ್ದಿದ್ದಾಗ ಎರಡು ಸಲ. ಏಳಹೋದರೆ ನನ್ನ ಕಾಲೂ ನಿಲ್ಲಲಿಲ್ಲ, ಪಕ್ಕದ ಮನೆಯ ಕೆರಿಯಮ್ಮ ಕೆಂಡಕ್ಕೆಂದು ಬಂದವಳು ಬಾಗಿಲು ಒದ್ದು ಇಬ್ಬರನ್ನೂ ಅಂಗಳಕ್ಕೆ ಎಳೆದು ಹಾಕದೇ ಇದ್ದಿದ್ದರೆ — ಎರಡು ದಿನ ಕನ್ನಮ್ಮ ವಾಂತಿ ಮಾಡಿದಳು, ಮೂರನೆಯ ದಿನ ನಿಟ್ಟೂರಿನಿಂದ ಅವಳ ಅಣ್ಣ ಪುಟ್ಟಪ್ಪ ಬಂದ, ಭಾವ, ಮಣಿ ಸೀಳಿದ್ದು ಕಂಡ್ತು ನಿಮಗೆ, ಇವಳು ಕಾಣ್ಲಿಲ್ವಾ ಅಂದ, ಕರೆದುಕೊಂಡು ಹೋದ, ಅವಳು ಬೈದಿದ್ದರೆ ಆಗುತ್ತಿತ್ತು, ಬಸ್ಸಿನ ಕಿಟಕಿಯ ಪಕ್ಕ ಕೂತು ಗಾಜನ್ನು ಪೂರ್ತಿ ಕೆಳಗಿಳಿಸಿದಳು, ಅಷ್ಟೇ.

ಒಲೆ ಒಡೆದು ಹಾಕಿಬಿಡೋಣ ಅನ್ನಿಸಿತ್ತು, ಹಾಕಲಿಲ್ಲ, ಬದಲಿಗೆ ಗೋಡೆ ಒಡೆದೆ, ಮೂರು ದಿನದಿಂದ ಒಬ್ಬನೇ ಒಲೆ ಹಚ್ಚಿ ಒಳಗೆ ಕೂತಿದ್ದೇನೆ, ಆಗಾಗ ಬೇಲಿಯಾಚೆಯಿಂದ ಕೆರಿಯಮ್ಮ, ದುಗ್ಗಪ್ಪಾ, ಇದೀಯನಾ? ಇದೀನಿ ಅತ್ತಿಗೇ. ತಲೆ ನೋಯ್ತದಾ? ಇಲ್ಲ. ಸುಳ್ಳು ಹೇಳಬ್ಯಾಡ. ಇಲ್ಲ ಮಾರಾಯ್ತಿ — ನಿಜವಾಗಿಯೂ ಇಲ್ಲ, ನಿನ್ನೆ ಸ್ವಲ್ಪ ಇತ್ತು, ಇವತ್ತು ಹಿಂದಿನ ಕಂಡಿ ಆದ ಮೇಲೆ ಇಲ್ಲ, ಹೊಗೆ ಬಾಗುತ್ತಿದೆ, ಬೂದಿಯಿಂದ ತೆಗೆದ ಮಣಿಗಳಲ್ಲಿ ಒಂದೂ ಸೀಳಿಲ್ಲ, ಹೊರಗೆ ಯಾರೋ ಚೀಲ ಇಳಿಸಿದ ಸದ್ದು, ಕೆರಿಯಮ್ಮ ಅಲ್ಲ, ಕೆರಿಯಮ್ಮ ಬರುವಾಗಲೇ ಮಾತು ಬರುತ್ತದೆ, ಇದು ಮಾತಿಲ್ಲದ ಹೆಜ್ಜೆ.

ಕನ್ನಮ್ಮ ಹೊಸಿಲಾಚೆ ನಿಂತಿದ್ದಾಳೆ, ಒಳಗೆ ಬರುವುದಿಲ್ಲ, ಗೂಡು ನೋಡುತ್ತಾಳೆ, ಮೇಲಿನ ಕಂಡಿ, ಕೆಳಗಿನ ಕಂಡಿ, ಕಿಟಕಿ. ಕಿಟಕಿ ಬಾಗ್ಲು ಎಲ್ಲಿ ಅಂದಳು. ಕಿತ್ತು ಹಾಕ್ದೆ ಅಂದೆ. ಮಳೆ ಬಂದ್ರೆ? ಬರ್ಲಿ. ನಾನು ತಲೆ ಸಿಡೀತದೆ ಅಂದ್ರೆ? ಎದ್ದು ಹೋಗು ಅಂತೀನಿ ಅಂದೆ, ಅವಳು ಮೊದಲ ಸಲ ನನ್ನ ಮುಖ ನೋಡಿದಳು, ನೀವು ಅನ್ನಾದು ಬ್ಯಾಡ, ನಾನೇ ಎದ್ದು ಹೋಗ್ತೀನಿ, ಇನ್ನು ನಿಮ್ಮನ್ನ ಕೇಳಾದಿಲ್ಲ. ಹೂಂ ಅಂದೆ, ಅವಳು ತಿರುಗಿ ಹೋದಳು, ಹೋದಳು ಅಂದುಕೊಂಡೆ, ಮತ್ತೆ ಬಂದಾಗ ಅಂಗಳದ ಚಪ್ಪಟೆ ಕಲ್ಲನ್ನು ಹೊಟ್ಟೆಗೆ ಅವುಚಿಕೊಂಡು ಏದುಸಿರು ಬಿಡುತ್ತಿದ್ದಳು, ನಾನು ಕೈ ಚಾಚಿದೆ, ಬ್ಯಾಡ, ಬಿಡಿ ಅಂದಳು. ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದಳು, ಕಲ್ಲನ್ನು ಅದಕ್ಕೆ ಒತ್ತಿ ಇಟ್ಟಳು, ಎಳೆದು ನೋಡಿದಳು, ಅಲುಗಲಿಲ್ಲ, ಆಮೇಲೆ ಬಂದು ತಿದಿಯ ಮುಂದೆ ಕೂತಳು, ಒತ್ತಿದಳು, ಒಂದೇ ಸಮ, ಇದ್ದಿಲು ಕೆಂಪಾಯಿತು, ಗಾಜಿನ ತುದಿ ಮೆತ್ತಗಾಗಿ ಬಾಗಿತು, ಕಂಬಿಗೆ ಸುತ್ತಬೇಕು, ಈಗಲೇ ಸುತ್ತಬೇಕು, ಗಾಜು ನೋಡಬೇಕಾದ ಕಣ್ಣು ಅತ್ತಲೇ ಹೋಗುತ್ತಿದೆ, ತೆರೆದ ಬಾಗಿಲು, ಅದಕ್ಕೆ ಒತ್ತಿ ನಿಂತ ಕಲ್ಲು, ಕಲ್ಲಿಗೆ ಅಂಟಿದ ಅಂಗಳದ ಹಸಿ ಮಣ್ಣು, ಅದರ ಮೇಲೆ ಅವಳ ಐದು ಬೆರಳಿನ ಗುರುತು —