ಎಫ್ ಅಲ್ಲ, ಎಸ್

ಮದಿಹಾಳ ಪಿಎಚ್‌ಡಿ ಪ್ರಬಂಧವನ್ನು ಕಂಪ್ಯೂಟರು ಕಳ್ಳಮಾಲು ಎಂದು ತೀರ್ಮಾನಿಸಿತು. ಹದಿನೆಂಟನೇ ಶತಮಾನದ ಅಮೆರಿಕದಲ್ಲಿ ಹೆಂಗಸರು ಬರೆದು ಅಚ್ಚು ಹಾಕಿಸಿದ ಕಿರುಹೊತ್ತಗೆಗಳ ಮೇಲೆ ಆಕೆ ವರ್ಷಗಟ್ಟಲೆ ದುಡಿದಿದ್ದಳು. ನಾಲ್ಕನೆಯ ಅಧ್ಯಾಯವೇ ಅದರ ಜೀವ. ನಕಲು ಪತ್ತೆಹಚ್ಚುವ ತಂತ್ರಾಂಶ ಆ ಅಧ್ಯಾಯವನ್ನು ಅಡಿಯಿಂದ ಮುಡಿಯವರೆಗೆ ಕೆಂಪು ಮಾಡಿ, ಇದು ಡಾ. ಸುನಂದಾ ಅವರ ಲೇಖನದ ನಕಲು ಎಂದು ವರದಿ ಕೊಟ್ಟಿತು. ಸುನಂದಾ ಆಕೆಯ ಮಾರ್ಗದರ್ಶಕಿ. ತಿದ್ದಿಕೊಡಿ ಎಂದು ಕೊಟ್ಟಿದ್ದ ಅಧ್ಯಾಯವನ್ನು ತಮ್ಮ ಹೆಸರಿನಲ್ಲೇ ಪತ್ರಿಕೆಯೊಂದಕ್ಕೆ ಕಳಿಸಿಬಿಟ್ಟಿದ್ದರು.

ಕಲಬುರಗಿಯ ಅವರ ಕೋಣೆಗೆ ಹೋಗಿ ಮದಿಹಾ ಕೇಳಿದಾಗ ಸುನಂದಾ ಚಹಾ ತರಿಸಿದರು.

“ಗೈಡು, ಸ್ಟೂಡೆಂಟು ನಡುವ ನಂದು ನಿಂದು ಅಂತ ಇರ್ತದೇನವ್ವ? ನೀ ನನ್ನ ಮಗಳಿದ್ದಂಗ. ಆ ಅಧ್ಯಾಯ ತಗದು ಬ್ಯಾರೆದ್ದು ಬರಿ.”

“ಅದು ನಾ ಬರದದ್ದು ಅಂತ ಒಂದು ಮಾತು ಹೇಳ್ರೀ ಮೇಡಂ. ಅಷ್ಟ ಸಾಕು.”

“ಚಹಾ ಆರ್ತದ, ಕುಡಿ.”

ಮದಿಹಾ ಕುಡಿದಳು. ಬೀಗ ಹಾಕಿದ ಮೇಲೂ ತಿರುಗಿ ಬಂದು ಗ್ಯಾಸ್ ನೋಡುವ ಹೆಣ್ಣು ಅವಳು. ಎದುರುತ್ತರ ಕೊಡುವ ಮೊದಲು ಮನಸ್ಸಿನಲ್ಲೇ ಅದನ್ನು ಹತ್ತು ಸಲ ತಿದ್ದುತ್ತಿದ್ದಳು. ತಿದ್ದಿ ಮುಗಿಯುವಷ್ಟರಲ್ಲಿ ಲೋಟ ಖಾಲಿಯಾಗಿತ್ತು. ಶಹಾಬಜಾರದ ಮನೆಯಲ್ಲಿ ತಾಯಿ ಇಕ್ಬಾಲ್ ಬೇಗಂ, “ಜಾನೇ ದೇ ಬೇಟಿ, ಬಡೇ ಲೋಗಾಂ ಹೈಂ,” ಎಂದು ತಲೆ ಸವರಿದರು. ದೊಡ್ಡವರು, ಬಿಟ್ಟುಬಿಡಬೇಕಂತೆ.

ಸುನಂದಾ ಅಷ್ಟಕ್ಕೇ ನಿಲ್ಲಲಿಲ್ಲ. ಆ ಅಧ್ಯಾಯವನ್ನೇ ಮುಂದಿಟ್ಟು ಒಂದು ಪುಸ್ತಕ ಮಾಡಿದರು, ಅದರ ಪ್ರೂಫ್ ತಿದ್ದಲು ಮದಿಹಾಳಿಗೇ ಕಳಿಸಿದರು. ಕದ್ದ ಕೋಳಿಯನ್ನು ಒಡತಿಯ ಕೈಯಲ್ಲೇ ಕೊಟ್ಟು ಸಾರು ಮಾಡಿಸಿದ ಹಾಗಾಯಿತು.

ಮದಿಹಾ ಕಮಲಾಪುರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ದಿನಾ ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಸಂತೆಯ ದಿನ ಮಕ್ಕಳು ತರಗತಿಗೆ ಬರುವುದು ಕಡಿಮೆ. ಅಂಥದೊಂದು ದಿನ ಸ್ಟಾಫ್ ರೂಮಿನಲ್ಲಿ ಪ್ರೂಫ್ ಬಿಚ್ಚಿ, ಮೂಲದ ಪುಟವನ್ನು ಮೊಬೈಲಿನಲ್ಲಿ ತೆರೆದು, ಸಾಲಿಗೆ ಸಾಲು ಹಿಡಿದು ನೋಡುತ್ತಿದ್ದಳು. ಫಿಲಡೆಲ್ಫಿಯಾದ ಕಮ್ಮಾರನೊಬ್ಬನ ವಿಧವೆ ಹ್ಯಾನಾ ಬರೆಸಿದ್ದ ಪುಟ ಅದು. ‘ನನ್ನ ಫೈಟ್ ಕಳೆದುಕೊಂಡೆ, ನಾಲಗೆಯನ್ನಲ್ಲ’ ಎಂಬುದು ಅದರ ಮುಖ್ಯ ಸಾಲು. ಹೋರಾಟದಲ್ಲಿ ಸೋತರೂ ಮಾತು ಬಿಡದ ಹೆಂಗಸು ಎಂದು ಮದಿಹಾ ಅದರ ಮೇಲೆಯೇ ಇಡೀ ಅಧ್ಯಾಯ ಕಟ್ಟಿದ್ದಳು.

ಆ ಕಾಲದ ಅಚ್ಚಿನಲ್ಲಿ ‘ಎಸ್’ ಅಕ್ಷರ ಉದ್ದಕ್ಕೆ ಇರುತ್ತದೆ, ನೋಡಲು ಥೇಟ್ ‘ಎಫ್’. ಎಫ್‌ನ ಅಡ್ಡಗೆರೆ ಕಂಬವನ್ನು ದಾಟುತ್ತದೆ, ಎಸ್‌ನದು ದಾಟುವುದಿಲ್ಲ. ಅದು ಮದಿಹಾಳಿಗೆ ಗೊತ್ತಿಲ್ಲದ್ದೇನಲ್ಲ. ಅದೇ ಸಾಲಿನಲ್ಲಿ ‘ಕಳೆದುಕೊಂಡೆ’ ಎನ್ನುವ ‘ಲಾಸ್ಟ್’ ಪದವನ್ನು ಸರಿಯಾಗಿಯೇ ಓದಿದ್ದಳು. ‘ಲಾಫ್ಟ್’ ಎಂದರೆ ಅರ್ಥವೇ ಆಗುವುದಿಲ್ಲವಲ್ಲ. ಆದರೆ ಮುಂದೆ ಬರುವ ಪದ ‘ಫೈಟ್’ ಎಂದರೂ ಅರ್ಥವಾಗುತ್ತದೆ, ಕಣ್ಣು ಅಲ್ಲೇ ನೆಮ್ಮದಿಯಾಗಿ ಕೂತುಬಿಟ್ಟಿತ್ತು. ಈಗ ಪುಟವನ್ನು ದೊಡ್ಡದು ಮಾಡಿದಳು. ಗೆರೆ ಕಂಬವನ್ನು ದಾಟಿರಲಿಲ್ಲ. ಅದರ ಕೆಳಗಿನ ಸಾಲಿನಲ್ಲಿ ಮಗಳು ಹ್ಯಾನಾಳ ಕೈಹಿಡಿದು ಬಾವಿಗೆ ಕರೆದೊಯ್ಯುತ್ತಿದ್ದಳು. ಹ್ಯಾನಾ ಸೋತಿರಲಿಲ್ಲ, ಕುರುಡಾಗಿದ್ದಳು.

“ಯಾಕ್ರೀ ಮೇಡಂ, ಮಾರಿ ಬಿಳಿಚ್ಯಾದ?” ಎದುರಿಗೆ ಕೂತು ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದ ಕನ್ನಡದ ಸುನೀಲಕುಮಾರ ಕೇಳಿದ.

“ಫೈಟ್ ಅಲ್ಲ್ರೀ ಸರ್, ಸೈಟ್. ಆಕಿ ಸೈಟ್ ಕಳಕೊಂಡಾಳ.”

“ಅಯ್ಯ! ಯಾವ ಲೇಔಟದಾಗ? ಹೊಲ ಎನ್ಎ ಆಗಿತ್ತಿಲ್ಲೋ ಮೊದಲು ಕೇಳ್ರಿ!”

ಮದಿಹಾಳಿಗೆ ನಗು ಉಕ್ಕಿಬಂತು. ಬಹಳ ದಿನಗಳ ಮೇಲೆ ಬಂದ ನಗು, ನಿಲ್ಲಿಸಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಒಳಗೆ ಏನೋ ತಣ್ಣಗೆ, ಗಟ್ಟಿಯಾಗಿ ಕೂತಿತ್ತು. ತಪ್ಪು ತನ್ನದು, ನಿಜ. ಆದರೆ ಈಗ ಅದರ ಮೇಲೆ ಇರುವ ಹೆಸರು ಯಾರದು?

ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಸುನಂದಾರ ಫೋನ್ ಬಂತು.

“ಪ್ರೂಫ್ ಎಲ್ಲಾ ಬರೋಬರ್ ಅದ ಏನವ್ವ?”

“ಅಚ್ಚಿನ ತಪ್ಪು ಒಂದೂ ಇಲ್ಲ್ರೀ ಮೇಡಂ.”

ಪ್ರತಿ ಪದವನ್ನೂ ತೂಗಿ ಹೇಳಿದ ಮಾತು. ಅದರಲ್ಲಿ ಸುಳ್ಳಿರಲಿಲ್ಲ.

ಆಮೇಲಿನ ದಿನಗಳನ್ನು ಆಕೆ ಹೇಗೆ ದೂಡಿದಳೋ. ಬಸ್ಸಿನಲ್ಲಿ ಕೂತಾಗೆಲ್ಲ, ಹೇಳಿಬಿಡಲೇ ಎನ್ನಿಸುತ್ತಿತ್ತು. ಬೇರೆ ಯಾರಾದರೂ ಮೊದಲೇ ಕಂಡುಹಿಡಿದರೆ? ಸುನಂದಾ ಸದ್ದಿಲ್ಲದೆ ತಿದ್ದಿಕೊಂಡುಬಿಟ್ಟರೆ? ಆಗೆಲ್ಲ ಆರುತ್ತಿದ್ದ ಆ ಚಹಾ ನೆನಪಾಗುತ್ತಿತ್ತು, ತುಟಿ ತಾನಾಗಿ ಬಿಗಿಯುತ್ತಿತ್ತು.

ಪುಸ್ತಕ ಬಿಡುಗಡೆ ಜಗತ್ ಸರ್ಕಲ್ಲಿನ ಹತ್ತಿರದ ಸಭಾಂಗಣದಲ್ಲಿ. ಮೈಸೂರಿನಿಂದ ಬಂದಿದ್ದ ಪ್ರೊಫೆಸರ್ ಮಲ್ಲಿಕಾ ಅಧ್ಯಕ್ಷತೆ ವಹಿಸಿದ್ದರು. ಪರದೆಯ ಮೇಲೆ ಚಿತ್ರ ತೋರಿಸುವ ಕೆಲಸ ಎಂದಿನಂತೆ ಮದಿಹಾಳದು. ಸುನಂದಾ ರೇಷ್ಮೆ ಸೀರೆಯುಟ್ಟು, ಹ್ಯಾನಾಳ ಸೋತ ಹೋರಾಟವನ್ನು ಕಣ್ಣಲ್ಲಿ ನೀರು ಬರುವಂತೆ ವರ್ಣಿಸಿದರು. ಮದಿಹಾ ಮೂಲದ ಪುಟವನ್ನು ಪರದೆಗೆ ತಂದಳು. ಆ ಸಾಲನ್ನು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು. ಆ ಒಂದಕ್ಷರ ಮನುಷ್ಯನೆತ್ತರಕ್ಕೆ ನಿಂತಿತು.

ಮಲ್ಲಿಕಾ ಕನ್ನಡಕ ಏರಿಸಿದರು. “ಒಂದು ನಿಮಿಷ, ಸುನಂದಾ. ಅದು ಎಫ್ ಅಲ್ಲ, ಎಸ್. ಈಕೆ ಕಳೆದುಕೊಂಡದ್ದು ದೃಷ್ಟಿ. ಕೆಳಗಿನ ಸಾಲು ನೋಡಿ, ಮಗಳು ಕೈಹಿಡಿದು ನಡೆಸುತ್ತಿದ್ದಾಳೆ.”

ಮೊದಲ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಿಂದಿನ ಸಾಲುಗಳಿಗೂ ನಗು ಹಬ್ಬಿತು. ಸುನಂದಾ ಪರದೆ ನೋಡಿದರು, ಪುಸ್ತಕ ನೋಡಿದರು, ಬೆವರೊರೆಸಿಕೊಂಡರು. ಆಮೇಲೆ ಮೈಕ್ ಬಿಟ್ಟು ಮಲ್ಲಿಕಾರ ಕಡೆ ಬಾಗಿದರು.

“ಈ ಅಧ್ಯಾಯ ನಾ ಬರದಿದ್ದಲ್ಲ್ರೀ ಮೇಡಂ. ಪೂರಾ ಈ ಹುಡುಗಿ ಬರದದ್ದು. ನಂಬಿ ಹಾಕಿ ಕೆಟ್ಟೆ.”

ವೇದಿಕೆಯ ಬುಡದಲ್ಲೇ ಕೂತಿದ್ದ ಮದಿಹಾಳಿಗೂ ಅದು ಕೇಳಿಸಿತು. ಇಷ್ಟು ದಿನ ಬೇಡಿದರೂ ಸಿಗದ ಮಾತು ಅದು. ತಪ್ಪನ್ನು ಕೊಡವಿಕೊಳ್ಳುವ ಗಡಿಬಿಡಿಯಲ್ಲಿ ಸುನಂದಾ ಅಧ್ಯಾಯವನ್ನೂ ಅದರ ಜತೆಗೇ ಕೊಡವಿಬಿಟ್ಟಿದ್ದರು.

“ಹೌದ್ರೀ, ತಪ್ಪು ನಂದೇ,” ಎಂದಳು ಎದ್ದು ನಿಂತು. “ತಪ್ಪಿನ ಸಮೇತ ಅಧ್ಯಾಯನೂ ನಂದೇ. ಮೇಡಂ ಈಗ ಹೇಳಿದ್ರಲ್ಲ.”

ಮಲ್ಲಿಕಾ ಪುಸ್ತಕದ ಮೊದಲ ಪುಟಗಳನ್ನು ಮಗುಚಿದರು. “ಇದರಲ್ಲಿ ಇವರ ಹೆಸರು ಎಲ್ಲಿದೆ?”

ನಗು ನಿಂತಿತು. ಸುನಂದಾರಿಗೆ ತಾವು ಆಡಿದ್ದೇನೆಂದು ಈಗ ಅರ್ಥವಾಯಿತು. “ಕೂಡವ್ವ, ಆಮ್ಯಾಲೆ ಕುಂತು ಮಾತಾಡೋಣು,” ಎಂದರು ಮೆಲ್ಲಗೆ.

ಮದಿಹಾ ಕೂಡಲಿಲ್ಲ. ವೇದಿಕೆ ಹತ್ತಿ ಮೈಕನ್ನು ಕೈಗೆ ತೆಗೆದುಕೊಂಡು ಅವರ ಬಾಯಿಯ ಹತ್ತಿರ ಹಿಡಿದಳು.

“ಹಿಂದ ಕುಂತವರಿಗೆ ಕೇಳಿಸಿಲ್ಲ್ರೀ ಮೇಡಂ. ಇನ್ನೊಮ್ಮೆ ಹೇಳ್ರಿ.”

ಸುನಂದಾ ಆಕೆಯ ಮುಖ ನೋಡಿದರು. ಅಲ್ಲಿ ಮಗಳಿದ್ದಂಥ ಯಾವ ಹುಡುಗಿಯೂ ಇರಲಿಲ್ಲ. ಸಭೆ ಕಾಯುತ್ತಿತ್ತು.

“ಆ ಅಧ್ಯಾಯ… ನಮ್ಮ ವಿದ್ಯಾರ್ಥಿನಿ ಬರದದ್ದು.”

“ಹೆಸರ್ರೀ ಮೇಡಂ,” ಎಂದಳು ಮದಿಹಾ. ಮೈಕನ್ನು ಕೆಳಗಿಳಿಸಲಿಲ್ಲ.